ಹನ್ನೊಂದೂವರೆ ಗೇಣು

ಮಳೆ ನಿಂತು ಹೊಳೆಯ ದಾರಿ ತೆರೆದ ವಾರ
ಕುಳೆಂ ಸ್ಟೇಷನ್ನಿನ ಹಿಂದಿನ ನನ್ನ ತಗಡಿನ ಶೆಡ್ಡಿಗೆ
ಕಾಯ್ತಾನ್ ಬಾಬನ ಜೀಪು ಬಂತು.
ಬೆನ್ನಿಗೇ ಟೆಂಪೋದಲ್ಲಿ, ಮಡಗಾವಿನಿಂದ, ನಾಲ್ಕು ಟೈರು,
ಮೈಮೇಲಿನ ರಬ್ಬರಿನ ಹುಟ್ಟುಗೂದಲೂ ಉದುರದಂಥವು.
"ಮೂವತ್ಮೂರು ಇಂಚು, ದಸ್ತಗೀರ್.
ಇನ್ನು ಹೊಳೆಯ ಕಲ್ಲಿಗೆ ಹೊಟ್ಟೆ ತಾಗಬಾರದು."

ನಾನಂದೆ: ಬಾಬ್, ಕಾಲು ಬೆಳೆಸಿದರೆ ಸಾಲದು.
ಆಕ್ಸಲ್ಲಿನ ಗಡ್ಡೆಯೊಳಗೆ ಹತ್ತು ಹಲ್ಲಿನ ಪಿನಿಯನ್
ನಲವತ್ತೊಂದು ಹಲ್ಲಿನ ಕ್ರೌನನ್ನು ತಿರುಗಿಸುತ್ತ ಕೂತಿದೆ,
ಹಳೆಯ ಗಾಲಿಗೆ ಹಾಕಿದ ಲೆಕ್ಕ ಅದು.
ಒಂಬತ್ತಕ್ಕೆ ನಲವತ್ತೆರಡರ ಜೋಡಿ ಹಾಕಿಸಿ,
ಹಿಂದೊಂದು, ಮುಂದೊಂದು.
ರೇಟು ಕೇಳಿದ. ಹೇಳಿದೆ.
ಶೆಡ್ಡಿನ ತಗಡಿನ ತೂತು ಎಣಿಸಿದ ಸ್ವಲ್ಪ ಹೊತ್ತು.
"ಮುಂದಿನ ಸೀಸನ್ನಿಗೆ ನೋಡೋಣ."

ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆಯಿಲ್ಲ
ಅನ್ನುತ್ತಿದ್ದಳು ಮುಂಡರಗಿಯಲ್ಲಿ ನಮ್ಮಜ್ಜಿ.
ಅವಳಿಗೆ ಎರಡೂ ಇರಲಿಲ್ಲ.

ಮಡ್‌ಗಾರ್ಡಿನ ಅಂಚು ಕೊರೆದೆ, ನಟ್ಟು ಬಿಗಿದೆ,
ಜ್ಯಾಕು ಇಳಿಸಿದೆ.
ಮದುವೆಗೆಂದು ಅಣ್ಣನ ಬೂಟು ಮೆಟ್ಟಿದ ಹುಡುಗನ ಹಾಗೆ
ನಿಂತಿತು ಜೀಪು, ಎತ್ತರಕ್ಕೆ, ಸ್ವಲ್ಪ ನಾಚಿ.

ಓಡಿಸುವವನು ಖುಶಾಲಿ ವೇಳಿಪ.
ಮೊದಲ ಹೊಳೆ ದಾಟಿತಂತೆ, ಎರಡನೆಯದೂ,
ನೀರು ಫುಟ್‌ಬೋರ್ಡು ನೆಕ್ಕಲಿಲ್ಲವಂತೆ.
ಆಚೆ ದಂಡೆಯ ಏರಿನಲ್ಲಿ ಮಾತ್ರ
ಫಸ್ಟ್ ಗಿಯರು ಸೆಕೆಂಡಿನ ಹಾಗೆ ಉಬ್ಬಸಪಟ್ಟು
ಅರ್ಧ ಕ್ಲಚ್ಚಿನಲ್ಲಿ ತೆವಳಿ,
ನಾಗಪುರದ ಹೆಂಗಸೊಬ್ಬಳು ಸೆರಗಿನಿಂದ ಮೂಗು ಮುಚ್ಚಿ
"ಏನಿದು ಕರಕು ವಾಸನೆ?" ಅಂದಳಂತೆ.
ಇವನು ಕಾಡಿನ ಹೂವು ಅಂದನಂತೆ.

ಸಾಹೇಬರೆಲ್ಲ ನಕ್ಕರು. ಅವನು ನಗಲಿಲ್ಲ.

ತಿಂಗಳ ಕೊನೆಗೆ ಡೈರಿ ಹಿಡಿದು ಬಂದ.
ಕಾಯ್ತಾನ್ ಬಾಬ್ ಕೂಲಿ ಕೊಡುವುದು ಮೀಟರು ನೋಡಿ,
ಕಿಲೋಮೀಟರಿಗೆ ಇಷ್ಟು ಅಂತ;
ಮನುಷ್ಯ ಸುಳ್ಳು ಹೇಳಬಹುದು, ಮೀಟರು ಹೇಳುವುದಿಲ್ಲ, ಅದು ಅವನ ಮಾತು.
"ಕಿತ್ಯಾಕ್, ದಸ್ತಗೀರ್? ದಿನಕ್ಕೆ ಅದೇ ಮೂರು ಟ್ರಿಪ್ಪು,
ಹೋಗಿಬಂದರೆ ಇಪ್ಪತ್ತನಾಲ್ಕು ಇತ್ತು, ಈಗ ಇಪ್ಪತ್ತೊಂದು.
ಜಲಪಾತವೇನು ನಮ್ಮ ಕಡೆಗೆ ನಡೆದುಬಂತಾ?"

ಮೂಲೆಯ ಹಳೆಯ ಟೈರನ್ನು ಎಳೆದೆ.
ಚಾಕಿನಲ್ಲೊಂದು ಗುರುತು, ನೆಲದ ಮೇಲೊಂದು ಗೆರೆ,
ಒಂದೇ ಒಂದು ಸುತ್ತು ಉರುಳಿಸಿ ಮತ್ತೊಂದು ಗೆರೆ.
ಬೆರಳು ಚಾಚಿ ಅಳೆದೆ: ಹತ್ತು ಗೇಣು.
ಆಮೇಲೆ ಹೊಸದು, ಮೊದಲ ಗೆರೆಯಿಂದಲೇ:
ಹನ್ನೊಂದೂವರೆ.
ಅದು ನೆಲ ಎಣಿಸುವುದಿಲ್ಲ ಖುಶಾಲಿ, ಸುತ್ತು ಎಣಿಸುತ್ತದೆ.
ಸುತ್ತಿಗೆ ಒಂದೂವರೆ ಗೇಣು ನೀನು ಪುಕ್ಕಟೆ ಓಡಿಸಿದ್ದೀಯ.
ಮುಳ್ಳು ನಲವತ್ತು ಅಂದಾಗ ನೀನು ನಲವತ್ತಾರರಲ್ಲಿದ್ದೆ,
ಮೊಲ್ಲೆಂ ತಿರುವಿನಲ್ಲಿ ಬ್ರೇಕು ತಡವಾದದ್ದು
ನಿನ್ನ ಕಾಲಿನ ತಪ್ಪಲ್ಲ.

ಅವನು ಗೆರೆಗಳ ಮುಂದೆ ಕುಕ್ಕರಗಾಲಲ್ಲಿ ಕೂತ.
ತನ್ನ ಗೇಣಿನಿಂದ ತಾನೂ ಅಳೆದ.
ಅವನ ಕೈ ಸಣ್ಣದು, ಹನ್ನೆರಡು ದಾಟಿತು.
"ನನಗಿನ್ನೂ ಜಾಸ್ತಿ ಬರಬೇಕು" ಅಂದ.
ಆಗ ನಕ್ಕ.

ಬಿಸ್ಕೀಟಿನ ಡಬ್ಬಿಯಲ್ಲಿ ಹುಡುಕಿದೆ,
ಯಾವ ಕಾಲದ್ದೋ, ಯಾವ ಗಾಡಿಯದೋ,
ಮೀಟರಿನ ಕೇಬಲ್ಲಿಗೆ ಕೂರುವ ಬಿಳಿಯ ಪ್ಲಾಸ್ಟಿಕ್ ಗಿಯರು,
ಮಗುವಿನ ಮುಷ್ಟಿಯಷ್ಟೂ ಇಲ್ಲ.
ಹದಿನಾರು ಹಲ್ಲಿನದನ್ನು ತೆಗೆದು ಹದಿನಾಲ್ಕರದನ್ನು ಹಾಕಿದೆ.
ಕಾಯ್ತಾನ್ ಬಾಬನ ಬಿಲ್ಲಿನಲ್ಲಿ ಬರೆದದ್ದು:
ಮೀಟರ್ ಕೇಬಲ್, ಗ್ರೀಸು, ಎಂಬತ್ತು ರೂಪಾಯಿ.

ಮರುದಿನದಿಂದ ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು.

ಕ್ರೌನು ಪಿನಿಯನ್ನು ಹಾಗೇ ಇವೆ. ಏರೂ ಹಾಗೇ ಇದೆ.
ಗೆರೆಗಳು ಶೆಡ್ಡಿನ ನೆಲದ ಮೇಲೆ ಇನ್ನೂ ಉಳಿದಿವೆ,
ಕೊನೆಯ ಎರಡರ ನಡುವಿನ ಒಂದೂವರೆ ಗೇಣಿನಲ್ಲಿ
ಬೀದಿನಾಯಿಯ ಮರಿ ಮುದುಡಿ ಮಲಗುತ್ತದೆ.
ಸಂಜೆ, ಮೂರನೆಯ ಟ್ರಿಪ್ಪಿನ ಹೊತ್ತಿಗೆ,
ಹಳಿಯಾಚೆಯ ದಿಬ್ಬದಲ್ಲಿ ಎಂಜಿನ್ನು ಏದುಸಿರು ಬಿಡುವಾಗ
ಪಾನ ಕೆಳಗಿಟ್ಟು ಕೇಳುತ್ತೇನೆ.
ಹಲ್ಲು ಕಚ್ಚಿಕೊಂಡಿದ್ದೆ ಅಂತ
ಅದು ಮೇಲೆ ಬಂದ ಮೇಲೆ ಗೊತ್ತಾಗುತ್ತದೆ.